ಲಿಂಡರ್‌ಬೇಕಿನ ಕೊನೆಯ ಎರಡು ಪುಟ

ಸೆಪ್ಟೆಂಬರ್ 29, ಸೋಮವಾರ. ಬೆಳಿಗ್ಗೆ 9.10ಕ್ಕೆ ಲೊರೆಶೋ ಬಡಾವಣೆಯ ಮಿಷನ್ ಗ್ರಂಥಾಲಯದ ಲವೀನಾ ಏದುಸಿರು ಬಿಡುತ್ತಾ ಠಾಣೆಗೆ ಬಂದು ದೂರು ಕೊಟ್ಟರು. ಫ್ಲಾಂಡರ್ಸಿನ ಲಿಂಡರ್‌ಬೇಕ್ ಎಂಬ ಪುಟ್ಟ ಊರಿನ ಜನನ-ಮರಣದ ಹಳೆಯ ಪುಸ್ತಕ ಆ ಬೆಳಿಗ್ಗೆಯೇ ಕಳವಾಗಿತ್ತು. ಯುದ್ಧದಲ್ಲಿ ಆ ಊರಿನ ದಾಖಲೆಗಳೆಲ್ಲ ಸುಟ್ಟುಹೋಗಿ, ಪಾದ್ರಿಯೊಬ್ಬರು ಇಲ್ಲಿಗೆ ತಂದಿದ್ದ ಇದೊಂದೇ ಉಳಿದಿತ್ತು. ಅದನ್ನು ಮರಳಿ ಒಯ್ಯಲು ಆ ಊರಿನ ಮೇಯರೇ ಬಂದಿದ್ದರು. ಸಂಜೆ ಆರಕ್ಕೆ ವಿಮಾನ.

ಇನ್‌ಸ್ಪೆಕ್ಟರ್ ಕೌಸ್ತುಭ್‌ಗೆ ಮೈಯೆಲ್ಲ ಚುರುಕಾಯಿತು. ವಲಸೆ ಬಂದ ಕನ್ನಡ ಕುಟುಂಬದಲ್ಲಿ, ಇದೇ ನಗರದ ನ್ಗಾರಾದಲ್ಲೇ ಹುಟ್ಟಿ ಬೆಳೆದ ಅವನಿಗೆ ಇಷ್ಟು ವರ್ಷ ಸಿಕ್ಕಿದ್ದೆಲ್ಲ ಬರೀ ಮೊಬೈಲ್ ಕಳ್ಳರು.

ಹತ್ತು ಗಂಟೆಗೆ ಪಂಚನಾಮೆ. ಪುಸ್ತಕವಿದ್ದ ಪೆಟ್ಟಿಗೆಯ ಸೀಲನ್ನು ಬ್ಲೇಡಿನಿಂದ ನಾಜೂಕಾಗಿ ಕೊಯ್ಯಲಾಗಿತ್ತು. ಪಕ್ಕದ ಬೆಳ್ಳಿ ಬಟ್ಟಲನ್ನು ಯಾರೂ ಮುಟ್ಟಿರಲಿಲ್ಲ.

"ಇದನ್ನು ಓದ್ತಿದ್ದೋರು ಯಾರು?"

"ಅನಂತ್ ಮೇಷ್ಟ್ರು ಒಬ್ಬರೇ ಸರ್. ಹನ್ನೊಂದು ವರ್ಷದಿಂದ ಕಾಪಿ ಮಾಡ್ಕೊಳ್ತಿದ್ರು. ಎರಡೇ ಪುಟ ಬಾಕಿ ಇತ್ತು, ಶುಕ್ರವಾರ ನಾವು ಸೀಲ್ ಮಾಡಿಬಿಟ್ವಿ."

ಬಾಡಿಗೆ ವ್ಯಾನುಗಳಾದ ಮಟಾಟುಗಳ ನಡುವೆ ನುಗ್ಗಿಸಿ ಕಾನ್‌ಸ್ಟೇಬಲ್ ಗ್ಲೋರಿಯಾ ಜೀಪನ್ನು ನ್ಗಾರಾದ ಮೇಷ್ಟ್ರ ಮನೆಗೆ ಮುಟ್ಟಿಸಿದಾಗ 11.40.

"ಬೆಳಿಗ್ಗೆ ಎಲ್ಲಿದ್ರಿ ಮೇಷ್ಟ್ರೇ?"

"ಮನೇಲೇ. ಓದ್ತಾ ಕೂತಿದ್ದೆ."

ಅಡುಗೆಮನೆಯಿಂದ ಹೆಂಡತಿ ಅಂಬುಜಾ ನಕ್ಕರು. "ಸರಸ್ವತಿ ಪೂಜೆ ದಿನ ಓದೋದಾ? ಪುಸ್ತಕ ಎಲ್ಲಾ ದೇವರ ಮುಂದೆ ಇಟ್ಟಾಗಿದೆ."

ಮೇಷ್ಟ್ರ ಮುಖ ಬಿಳಿಚಿತು. ಕೌಸ್ತುಭ್ ಬೂಟು ಬಿಚ್ಚಿ ದೇವರ ಮನೆಗೆ ಹೋದ. ರೇಷ್ಮೆ ವಸ್ತ್ರದಡಿ, ಪಂಚಾಂಗ, ಭಗವದ್ಗೀತೆಗಳ ಕೆಳಗೆ ಚರ್ಮದ ರಟ್ಟಿನ ಪುಸ್ತಕ, ಮೇಲೊಂದು ಸೇವಂತಿಗೆ.

"ಓದಿದ್ರಾ?"

"ಇವತ್ತು ಹೇಗೆ ಓದಲಿ?" ಎಂದರು ಮೇಷ್ಟ್ರು. ಕದಿಯಲು ಹಿಂಜರಿಯದ ಮನುಷ್ಯ ಶಾಸ್ತ್ರ ಮೀರಲು ಹೆದರಿದ್ದರು. "ಆ ಊರಿಗೆ ಜ್ವರ ಬಂದ ವರ್ಷ ಅದು. ಲಿಸ್ಬೆತ್ ಅಂತ ಒಂದು ಕೂಸು. ಅದರ ಅಪ್ಪ, ಅಮ್ಮ, ಅಣ್ಣಂದಿರು, ಎಲ್ಲರ ಸಾವನ್ನೂ ಈ ಕೈಯಲ್ಲೇ ಬರ್ಕೊಂಡೆ. ಕೊನೇ ಎರಡು ಪುಟದಲ್ಲಿ ಕೂಸಿನ ಹೆಸರೂ ಇದೆಯಾ ಅಂತ ನೋಡ್ಬೇಕಿತ್ತು. ಎರಡು ದಿನ ಕೊಡಿ ಅಂತ ಬೇಡ್ಕೊಂಡೆ, ಕೊಡಲಿಲ್ಲ."

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲವೆಂದು ಕೌಸ್ತುಭ್‌ಗೆ ಗೊತ್ತಿತ್ತು. ಆದರೂ ಹೇಳಿದ: "ಅಮ್ಮಾ, ಅಕ್ಷತೆ ಹಾಕಿ ಪುಸ್ತಕ ಕದಲಿಸಿಬಿಡಿ. ಮೇಷ್ಟ್ರೇ, ಹತ್ತು ನಿಮಿಷ."

ಮೇಷ್ಟ್ರ ಬೆರಳು ಸತ್ತವರ ಹೆಸರುಗಳ ಮೇಲೆ ನಿಧಾನವಾಗಿ ಇಳಿಯಿತು. ಒಂದು ಪುಟ ಮುಗಿಯಿತು. ಇನ್ನೊಂದೂ ಮುಗಿಯಿತು. ಅವರು ಮತ್ತೆ ಮೇಲಿನಿಂದ ನೋಡಿದರು. ಮುಖ ಮಗುವಿನಂತೆ ಅರಳಿತು.

ಕನ್ನಡ ಬಾರದ ಗ್ಲೋರಿಯಾ ಏನಾಯಿತೆಂದು ಕೇಳಿದಳು.

"ಕೂಸು ಬದುಕಿಕೊಂಡಿದೆ," ಎಂದ ಕೌಸ್ತುಭ್.

12.25ಕ್ಕೆ ಬಂಧನ ದಾಖಲಾಯಿತು. ಬೇಡಿಗೆ ಕೈ ಚಾಚಿದಾಗಲೂ ಮೇಷ್ಟ್ರು ನಗುತ್ತಿದ್ದರು.