ಅಜ್ಜನ ಗೋರಿಗೆ ಮಣ್ಣು

ಓಕ್ ಮರವೊಂದು ದಾರಿಗೆ ಅಡ್ಡ ಬಿದ್ದಿತ್ತು. ಅದರಾಚೆಯ ಕಣಿವೆಯಲ್ಲಿ ನಮ್ಮವರ ಗೋರಿಗಳು. ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಭಾನುವಾರ, ಹೂ ಹೊತ್ತು ಅಲ್ಲಿಗೆ ಹೋಗುತ್ತೇವೆ. ಅಜ್ಜಿ ಹೇಸರಗತ್ತೆಯ ಮೇಲೆ ಕೂತು ಬಂದಿದ್ದಳು.

ಅವಳು ಬಾಳಿದ್ದು ಆ ಕಣಿವೆಯಲ್ಲೇ. ಅಪಲಾಚಿಯನ್ ಬೆಟ್ಟದ ಈ ಭಾಗವನ್ನು ಕಾಡಿಗೇ ಬಿಡಬೇಕೆಂದು ಸರ್ಕಾರ ತೀರ್ಮಾನಿಸಿದಾಗ ಊರಿಗೆ ಊರೇ ಎದ್ದು ಕೆಳಗೆ ಬಂತು. ಈಗ ಉಳಿದಿರುವುದು ಒಂದೆರಡು ಕಲ್ಲಿನ ಚಿಮಣಿ, ಕಾಡುಬಿದ್ದ ಸೇಬಿನ ಮರ, ಗೋರಿಗಳು. ಮೋಟಾರಿನ ಗರಗಸ ಕೂಡ ಒಳಗೆ ತರುವಂತಿಲ್ಲ.

ಅದಕ್ಕೇ ಅರಣ್ಯ ಇಲಾಖೆಯ ಕೋಯ್ ಇಬ್ಬರು ಹಿಡಿದೆಳೆಯುವ ಉದ್ದ ಗರಗಸ ಹೊತ್ತು ನಿಂತಿದ್ದ. ಜೊತೆಗಾರನಿಗೆ ಜ್ವರವಂತೆ. ಹೋದ ವರ್ಷ ಇವನೇ ನನ್ನನ್ನು ಮದುವೆಗೆ ಕೇಳಿದ್ದ. ನಮ್ಮ ಮನೆ ಬಿಡಿಸಿದವರ ಅಂಗಿ ತೊಟ್ಟವನು ನನಗೆ ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಆಮೇಲೆ ನಿದ್ದೆಗೆಟ್ಟವಳು ನಾನೇ. ಈಗ ದೂರದ ಪಶ್ಚಿಮಕ್ಕೆ ವರ್ಗ ಕೇಳಿದ್ದಾನೆ ಎಂದು ದಾರಿಯಲ್ಲಿ ಅಜ್ಜಿಯಿಂದ ತಿಳಿಯಿತು.

ಗರಗಸದ ಇನ್ನೊಂದು ಹಿಡಿ ನಾನೇ ಹಿಡಿದೆ. ಸಿಟ್ಟಿನಲ್ಲಿ ತಳ್ಳಿದೆ. ಅಲಗು ಬಳುಕಿ ಸಿಕ್ಕಿಕೊಂಡಿತು.

"ತಳ್ಬೇಡ ಮಾರಾಯ್ತಿ," ಎಂದ ಮೆಲ್ಲಗೆ. "ನಿನ್ ಸರದೀಲಿ ಎಳಿ. ನನ್ ಸರದೀಲಿ ಬಿಡು."

"ಬಿಡೋದು ನಿನಗೆ ಸಲೀಸು. ಹೊರಟೇ ಇದ್ದೀಯಲ್ಲ."

ಅವನ ಕಿವಿ ಕೆಂಪಾಯಿತು. "ನಿಮ್ಮೂರು ಬಿಡಿಸಿದಾಗ ನಾನು ಹುಟ್ಟೇ ಇರ್ಲಿಲ್ಲ, ಆಡ್ರಾ. ದಾರಿ ಬಿಡಿಸೋದಷ್ಟೇ ನನ್ ಕೈಲಾಗೋದು."

ಸಿಕ್ಕಿಕೊಂಡ ಅಲಗು ಬಿಡಿಸಿ ಮತ್ತೆ ಹಿಡಿ ಹಿಡಿದೆ. ಎಳೆದೆವು. ಕಣ್ಣು ಕೂಡಿದಾಗಲೆಲ್ಲ ಲಯ ತಪ್ಪುತ್ತಿತ್ತು. ಹೀಗಾದರೆ ನನ್ನನ್ನೂ ಇಲ್ಲೇ ಹೂಳಿಬಿಡಿ ಎಂದು ಅಜ್ಜಿ ಗೊಣಗಿದಳು.

ಮರ ತುಂಡರಿಸಿ ಕಣಿವೆ ತಲುಪಿ, ಗೋರಿಗಳ ಮೇಲಿನ ಹುಲ್ಲು ಕೆರೆದು ಹೊಸ ಮಣ್ಣು ಏರಿಸತೊಡಗಿದೆವು. ಆ ಮಣ್ಣು ಮುಟ್ಟುವವರು ಮನೆಯವರು ಮಾತ್ರ. ಅದು ಗೊತ್ತಿದ್ದೇ ಕೋಯ್ ಟೋಪಿ ತೆಗೆದು ಬೇಲಿಯ ಹೊರಗೆ ನಿಂತ. ಇನ್ನು ಸುಮ್ಮನಿದ್ದರೆ ಇವನು ಹೋಗಿಯೇಬಿಡುತ್ತಾನೆ ಅನ್ನಿಸಿತು. ಸಲಿಕೆ ಹಿಡಿದು ಬೇಲಿಯ ಬಳಿ ಹೋದೆ.

"ಒಳಗೆ ಬಾ. ಅಜ್ಜನ ತಲೆ ಕಡೆ ಮಣ್ಣು ಕಮ್ಮಿಯಾಗಿದೆ."

"ನಾನು ಮುಟ್ಬಹುದಾ?"

"ಹೋಗ್ಬೇಡ ಕಣೋ. ನನಗೆ ನೀನು ಬೇಕು."

ಅವನು ಸಲಿಕೆಯ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡು ಒಳಗೆ ಬಂದ. ವರ್ಗದ ಮಾತು ಮತ್ತೆ ಬರಲಿಲ್ಲ.

ಅವನು ಮಣ್ಣು ಹಾಕುತ್ತಿದ್ದಾಗ ಅಜ್ಜಿ ಗೋರಿಕಲ್ಲಿನತ್ತ ಬಗ್ಗಿ, ಅಜ್ಜನಿಗೆ ಮಾತ್ರ ಎಂಬಂತೆ ಪಿಸುಗುಟ್ಟಿದಳು:

"ರೀ, ಹುಡುಗ ಸರ್ಕಾರದೋನೇ. ಬೈಬೇಡಿ."