ಐದು ಫ್ರೇಮಿನಲ್ಲಿ ಎರಡು

ಮಾರ್ಚ್ 11, ಮಂಗಳವಾರ, ಸಂಜೆ 5.40ಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದಳು. ಅವಸರದಲ್ಲಿ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿದ್ದಳು. ಮೂರು ವರ್ಷದ ಮಗಳು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಳೆ, ಶಿಶುಪಾಲನಾ ಕೇಂದ್ರದಲ್ಲಿ ಏನೋ ಕುಡಿಸಿದ್ದಾರೆ ಎಂಬುದು ಅವಳ ದೂರು. ಮಗುವಿನ ರಕ್ತದಲ್ಲಿ ನೆಗಡಿ ಸಿರಪ್ಪಿನ ಅಂಶ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ ಎಂದು ಬರೆದ ವೈದ್ಯರ ಚೀಟಿ ಕೈಯಲ್ಲಿತ್ತು.

"ಆ ಸಿರಪ್ ನಿಮ್ಮನೇಲಿ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇದೆ."

"ಇವತ್ತು ಕೊಟ್ರಾ?"

"ಇಲ್ಲ ಸಾರ್. ಹೋದ ವಾರ ಕೊಟ್ಟಿದ್ದು. ಬೆಳಿಗ್ಗೆ ನಾನೇ ಅಳತೆ ತಪ್ಪಿ ಹಾಕಿದೀನಿ ಅಂತಾರೆ ನಮ್ಮತ್ತೆ. ಕೇಂದ್ರದ ಮೇಡಮ್ಮೂ ಅದನ್ನೇ ಹೇಳಿದ್ರು. ಕೇಳಿ ಕೇಳಿ ಈಗ ನಂಗೇ ಅನುಮಾನ ಬರ್ತಿದೆ."

6.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ 9.30ಕ್ಕೆ ಇನ್ಸ್‌ಪೆಕ್ಟರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಕೇಂದ್ರಕ್ಕೆ ಹೋದರು. ಒಂದೇ ಕೋಣೆ, ಹದಿನಾಲ್ಕು ಪುಟ್ಟ ಹಾಸಿಗೆ. ಗೋಡೆಯ ಮೇಲೆ ನಗುವ ಮೊಲಗಳು. ಫಿನಾಯಿಲ್ ವಾಸನೆಯ ಅಡಿಯಲ್ಲಿ ಇನ್ನೊಂದು ಸಿಹಿ, ಅಂಟು ವಾಸನೆ. ಇವರು ಕೇಳುವ ಮೊದಲೇ ಕೇಂದ್ರದ ಒಡತಿ ಪೆನ್‌ಡ್ರೈವ್ ಕೈಗಿಟ್ಟಳು.

"ನಿನ್ನೆ ಹನ್ನೊಂದರಿಂದ ಒಂದರವರೆಗಿನ ಸಿಸಿಟಿವಿ ಇದರಲ್ಲಿದೆ, ನೋಡ್ಕೊಳ್ಳಿ. ಈ ಮಕ್ಕಳಿಗೆ ನಾನು ದೊಡ್ಡಮ್ಮ ಇದ್ದ ಹಾಗೆ."

"ರೆಕಾರ್ಡ್ ಆಗೋ ಡಿಸ್ಕ್ ಎಲ್ಲಿ?"

"ಕೆಟ್ಟೋಗಿತ್ತು. ನಿನ್ನೆ ಸಂಜೆನೇ ಬದಲಾಯಿಸಿದ್ವಿ. ಹಳೇದನ್ನ ಕಸಕ್ಕೆ ಹಾಕ್ದೆ."

ಜೀಪು ಹತ್ತುವಾಗ ಕಾನ್‌ಸ್ಟೆಬಲ್ ಗೊಣಗಿದಳು. "ಡಿಸ್ಕಿಗೂ ಒಳ್ಳೆ ಮುಹೂರ್ತ ನೋಡ್ಕೊಂಡು ಕಾಯಿಲೆ ಬರುತ್ತೆ."

ಠಾಣೆಯಲ್ಲಿ ಹಾಕಿ ನೋಡಿದರು. ದೃಶ್ಯ ಕಪ್ಪು ಬಿಳುಪಾಗಿತ್ತು. ಮೇಲ್ಗಡೆ ಸಮಯ ಓಡುತ್ತಿತ್ತು. 11.42ಕ್ಕೆ ಮಗು ಬಾಳೆಹಣ್ಣು ತಿಂದು ಚಪ್ಪಾಳೆ ತಟ್ಟಿತು. ಹನ್ನೆರಡಕ್ಕೆ ಎಲ್ಲ ಮಕ್ಕಳೂ ಮಲಗಿದ್ದವು. ಯಾರೂ ಯಾರಿಗೂ ಏನನ್ನೂ ಕುಡಿಸಿರಲಿಲ್ಲ. ತಾಯಿಯನ್ನು ಕರೆಸಿ ತೋರಿಸಿದರು. "ನನ್ನ ಮಗಳೇ," ಎಂದವಳು ತಲೆ ಎತ್ತಲಿಲ್ಲ. ಮಧ್ಯಾಹ್ನ ಮಕ್ಕಳ ಕಲ್ಯಾಣ ಸಮಿತಿಯಿಂದ ಪತ್ರ ಬಂತು: ತನಿಖೆ ಮುಗಿಯುವವರೆಗೆ ಮಗುವನ್ನು ತಾಯಿಯ ವಶಕ್ಕೆ ಕೊಡುವಂತಿಲ್ಲ.

ಗುರುವಾರ ಬೆಳಿಗ್ಗೆ 10.20ಕ್ಕೆ ಪೆನ್‌ಡ್ರೈವ್ ಲ್ಯಾಬಿಗೆ ಹೋಯಿತು. ಅಲ್ಲಿನ ಹಿರಿಯ ತಂತ್ರಜ್ಞ ಮೊದಲು ಸಿನಿಮಾ ರೀಲನ್ನು ಟೇಪಿಗೆ ಇಳಿಸುವ ಕೆಲಸದಲ್ಲಿದ್ದವರು. ಎಲ್ಲರಿಗೂ ಅವರು ರೀಲಜ್ಜ.

"ಆ ಗುಂಡಿ ಒತ್ತಮ್ಮ, ಒಂದೊಂದೇ ಫ್ರೇಮ್ ಬರಲಿ," ಎಂದರು ಕಾನ್‌ಸ್ಟೆಬಲ್‌ಗೆ. "ಏನು ಕಾಣುತ್ತೆ?"

"ಒಂದೇ ಚಿತ್ರ ಎರಡೆರಡು ಸಲ ಬರ್ತಿದೆ."

"ಸರಿ. ಈ ಕ್ಯಾಮೆರಾ ಸೆಕೆಂಡಿಗೆ ಹದಿನೈದು ಚಿತ್ರ ತೆಗೆಯುತ್ತೆ, ಫೈಲ್ ಇರೋದು ಮೂವತ್ತರದ್ದು. ಅದಕ್ಕೇ ಜೋಡಿ ಜೋಡಿ. ಈಗ 11.42ಕ್ಕೆ ಹೋಗು."

ಮೂರು ಫ್ರೇಮ್ ಶುದ್ಧವಾಗಿದ್ದವು. ನಾಲ್ಕನೆಯದರಲ್ಲಿ ಮಗುವಿನ ಕೈಯ ಅಂಚು ಬಾಚಣಿಗೆ ಹಲ್ಲಿನಂತೆ ಹರಿದಿತ್ತು. ಐದನೆಯದರಲ್ಲೂ ಹಾಗೆಯೇ. ಮತ್ತೆ ಮೂರು ಶುದ್ಧ, ಎರಡು ಹರಕು.

"ಇದು ಸಿಸಿಟಿವಿ ಅಲ್ಲ," ಎಂದರು ರೀಲಜ್ಜ. "ಸಿನಿಮಾ ವೇಗದಲ್ಲಿ ತೆಗೆದಿದ್ದು, ಸೆಕೆಂಡಿಗೆ ಇಪ್ಪತ್ನಾಲ್ಕು. ಟಿವಿಗೆ ಮೂವತ್ತು ಬೇಕು. ಅದಕ್ಕೆ ಚಿತ್ರಗಳನ್ನ ಗೆರೆಗೆರೆಯಾಗಿ ಸೀಳಿ, ಒಂದನ್ನ ಪಕ್ಕದ್ದರ ಜೊತೆ ಹೆಣೀತೀವಿ. ಟೆಲಿಸಿನಿ ಅಂತಾರೆ. ಐದಕ್ಕೆ ಎರಡು ಕಲಬೆರಕೆ ಆಗುತ್ತೆ. ಮೂವತ್ತು ವರ್ಷ ಅದೇ ನನ್ನ ಹೊಟ್ಟೆಪಾಡು."

"ವಾಪಸ್ ಬಿಚ್ಚೋಕೆ ಬರಲ್ವಾ?"

"ಬರುತ್ತೆ. ಕಲಸಿದ ಗೆರೆಗಳನ್ನ ಬೇರೆ ಮಾಡಿ ಮೊದಲು ಇಪ್ಪತ್ನಾಲ್ಕಕ್ಕೆ ತರಬೇಕು, ಆಮೇಲೆ ಕತ್ತರಿ. ಈ ಮಹಾಶಯ ಬಿಚ್ಚದೇ ಹೊಲಿದಿದಾನೆ. ಒಂದು ನಿಮಿಷ ನಲವತ್ತು ಸೆಕೆಂಡಿನ ತೇಪೆ."

ಇನ್ಸ್‌ಪೆಕ್ಟರ್ ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದರು. "ಆ ಕೋಣೇಲಿ ಯಾವತ್ತಾದ್ರೂ ಶೂಟಿಂಗ್ ನಡೆದಿತ್ತಾ?"

"ಜನವರೀಲಿ ನಡೀತು ಸಾರ್. ಕೇಬಲ್ ಟಿವಿಗೆ ಜಾಹೀರಾತು. ಮೇಡಂ ತಮ್ಮನೇ ತೆಗೆದಿದ್ದು. ಕೋಣೆ ಚಿಕ್ಕದಲ್ವಾ, ಎಲ್ಲ ಮಕ್ಕಳೂ ಬರಲಿ ಅಂತ ಸಿಸಿಟಿವಿ ಇರೋ ಮೂಲೇಲೇ ಏಣಿ ಹತ್ತಿ ನಿಂತಿದ್ರು."

ಅದೇ ದಿನ ಸಂಜೆ 4.10ಕ್ಕೆ ಒಡತಿಯ ತಮ್ಮನ ಎಡಿಟಿಂಗ್ ಕೋಣೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಶೋಧನೆ ನಡೆಯಿತು. ತಣ್ಣನೆಯ ಕೋಣೆ, ಎರಡು ಪರದೆ, ಮೇಜಿನ ಮೇಲೆ ಕೂದಲು ಅಂಟಿಕೊಂಡ ಕಾಫಿ ಲೋಟ. ಕಂಪ್ಯೂಟರಿನಲ್ಲಿ 'ಅಕ್ಕ' ಎಂಬ ಫೋಲ್ಡರ್. ಅದರೊಳಗೆ ಜಾಹೀರಾತೂ ಇತ್ತು, ಕಸಕ್ಕೆ ಹೋಯಿತೆಂದ ಡಿಸ್ಕಿನ ಮೂಲ ದೃಶ್ಯವೂ ಇತ್ತು.

"ಇದನ್ನ ಯಾಕೆ ಅಳಿಸಲಿಲ್ಲ?"

"ಮೂಲ ಅಳಿಸಿದ್ರೆ ಎಡಿಟ್ ತೆರೆಯಲ್ಲ ಸಾರ್. ಯಾವ ಎಡಿಟರೂ ಮೂಲ ಅಳಿಸಲ್ಲ."

ದೃಶ್ಯ ಹಾಕಿದರು. ಒಡತಿ ಹಾಸಿಗೆಗಳ ಸಾಲಿನುದ್ದಕ್ಕೂ ಬಂದಳು. ಒಂದು ಸೀಸೆ, ಒಂದೇ ಚಮಚ. ಮೂಗು ಹಿಡಿಯುವುದು, ಬಾಯಿ ತೆರೆದೊಡನೆ ಸುರಿಯುವುದು, ಚಮಚವನ್ನು ಮಗುವಿನ ಅಂಗಿಗೇ ಒರೆಸಿ ಮುಂದಿನ ಮಗು. ದೂರುದಾರಳ ಮಗು ಉಗುಳಿತು. ಮತ್ತೆ ಸುರಿದಳು. ಮತ್ತೆ ಉಗುಳಿತು. ಸೀಸೆಯನ್ನೇ ಬಾಯಿಗಿಟ್ಟಳು. ಕಾನ್‌ಸ್ಟೆಬಲ್ ಎದ್ದು ಹೊರಗೆ ಹೋದಳು. ಪಂಚರಲ್ಲೊಬ್ಬ ಗೋಡೆ ನೋಡುತ್ತ ನಿಂತ.

ತಮ್ಮನ ಕಣ್ಣು ಮಾತ್ರ ಪರದೆಯ ಮೇಲಿತ್ತು. "ಜಾಹೀರಾತಿನ ಇಪ್ಪತ್ನಾಲ್ಕರ ಪ್ರತಿ ಕಳೆದೋಗಿತ್ತು. ಕೇಬಲ್‌ಗೆ ಕೊಟ್ಟಿದ್ದೇ ಗತಿ. ಬಣ್ಣ ತೆಗೆದು ಮಸುಕು ಮಾಡಿದ್ಮೇಲೆ ಆ ಹರಕು ಗೆರೆ ಕಾಣಲ್ಲ ಅಂದ್ಕೊಂಡೆ. ಇನ್ನೊಂದು ಗಂಟೆ ಸಿಕ್ಕಿದ್ರೆ ಬಿಚ್ಚಿರ್ತಿದ್ದೆ."

"ಇದನ್ನ ಎಷ್ಟು ಸಲ ನೋಡಿದೆ?"

"ಕಟ್ ಎಲ್ಲಿ ಹಾಕೋದು ಅಂತ... ಒಂದು ನಲವತ್ತು ಸಲ."

"ಏನೂ ಅನ್ನಿಸ್ಲಿಲ್ವಾ?"

ಅವನು ಸ್ವಲ್ಪ ಯೋಚಿಸಿದ. "ಸೌಂಡ್ ಇರ್ಲಿಲ್ಲ ಸಾರ್."

ಇನ್ಸ್‌ಪೆಕ್ಟರ್ ಎದ್ದು ಕಿಟಕಿ ತೆರೆದರು. ಪಂಚನಾಮೆಗೆ ಸಹಿ ಬಿದ್ದಾಗ 5.25. ತಮ್ಮನನ್ನು ಅಲ್ಲೇ ಬಂಧಿಸಿದರು. 6.05ಕ್ಕೆ ಒಡತಿಯನ್ನು.

ಠಾಣೆಗೆ ಬಂದೊಡನೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿದರು. ಮಗು ನಾಲ್ಕು ಗಂಟೆಗೆ ಕಣ್ಣು ಬಿಟ್ಟಿತ್ತು. ತಾಯಿ ಬಾಗಿಲ ಹೊರಗಿನ ಬೆಂಚಿನಲ್ಲಿದ್ದಳು, ಒಳಗೆ ಬಿಟ್ಟಿರಲಿಲ್ಲ. ಫೋನ್ ಅವಳ ಕೈಗೆ ಕೊಡಿಸಿದರು.

"ನೀವು ಕೊಟ್ಟಿದ್ದಲ್ಲಮ್ಮ. ಅಲ್ಲಿ ಕುಡಿಸಿದ್ದು. ಸಮಿತಿಯೋರಿಗೆ ಹೇಳಿದೀನಿ, ಒಳಗೆ ಹೋಗಿ."

"ಇದನ್ನೇ ಒಂದ್ಸಲ ನಮ್ಮತ್ತೆಗೂ ಹೇಳಿಬಿಡಿ ಸಾರ್," ಎಂದು ಪಕ್ಕದಲ್ಲಿದ್ದ ಅತ್ತೆಗೆ ಫೋನ್ ದಾಟಿಸಿದಳು. ಇನ್ಸ್‌ಪೆಕ್ಟರ್ ಮತ್ತೊಮ್ಮೆ ಹೇಳಿದರು.

ಒಡತಿಯ ಹೇಳಿಕೆ ಒಂದೇ ಪುಟದ್ದಾಯಿತು. ಎರಡು ವರ್ಷದಿಂದ ದಿನವೂ ಕುಡಿಸುತ್ತಿದ್ದಳು.

"ಯಾಕೆ?"

"ಮಧ್ಯಾಹ್ನ ನಂಗೆ ನಿದ್ದೆ ಬೇಕು. ಮದುವೆಗೆ ಮುಂಚಿಂದ ಅಭ್ಯಾಸ. ಒಂದು ಎದ್ದು ರಾಗ ಎಳೆದ್ರೆ ಹದಿನಾಲ್ಕೂ ಏಳ್ತವೆ."

ಬರೆಯುತ್ತಿದ್ದ ದಫೇದಾರ ಪೆನ್ನು ಎತ್ತಿ ಕಾದ. "ಆಮೇಲೆ ಸಾರ್?"

"ಆಮೇಲೇನಿಲ್ಲ. ಅಷ್ಟೇ ಬರಿ."

ಬರೆದದ್ದನ್ನು ಅವಳಿಗೆ ಓದಲು ಕೊಟ್ಟರು. ಅವಳು ನಿಧಾನವಾಗಿ ಕೊನೆಯವರೆಗೆ ಓದಿ ಒಂದು ಕಡೆ ಬೆರಳಿಟ್ಟಳು.

"ದಿನಾ ಎರಡು ಗಂಟೆ ಮಲಗ್ತಿದ್ದೆ ಅಂತ ಬರ್ದಿದ್ದೀರಿ. ಒಂದೂಮುಕ್ಕಾಲು ಅಂತ ಮಾಡಿ."

ದಫೇದಾರ ತಿದ್ದಿದ. ಅವಳು ಸಹಿ ಹಾಕಿದಳು.