ಗಿರವಿ ಅಂಗಡಿಯಲ್ಲಿ ಶೂಟಿಂಗ್

"ಕಟ್! ಕಟ್! ಕಟ್!"

ಡೈರೆಕ್ಟರ್ ಈಶ್ವರ್ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. "ಅಜ್ಜಿ, ಅದು ಚಿನ್ನ ಅಂತ ಅಂದ್ಕೊಳ್ಳಿ ಅಜ್ಜಿ. ಪ್ಲೀಸ್!"

"ಹೆಂಗಪ್ಪಾ ಅಂದ್ಕೊಳ್ಳೋದು?" ಲಕ್ಷ್ಮೀದೇವಮ್ಮ ಸರವನ್ನು ಒರೆಗಲ್ಲಿನ ಮೇಲೆ ಇನ್ನೊಂದು ಸಲ ಉಜ್ಜಿ, ಕಲ್ಲನ್ನು ಕ್ಯಾಮೆರಾದ ಮೂತಿಗೇ ಹಿಡಿದರು. "ನೀನೇ ನೋಡು. ಚಿನ್ನ ಆಗಿದ್ರೆ ಇಲ್ಲಿ ಬೇರೆ ಥರಾ ಗೆರೆ ಬೀಳೋದು. ಇದು ಗಿಲೀಟು. ಮಾಮೂಲ್‌ಪೇಟೇಲಿ ತಗೊಂಡಿದ್ದು ತಾನೇ?"

ಸರ ಒತ್ತೆ ಇಡಲು ಬಂದ ಹೆಂಗಸಿನ ಪಾತ್ರ ಮಾಡುತ್ತಿದ್ದ ನಟಿ ಅಷ್ಟು ಹೊತ್ತೂ ಗೊಳೋ ಎಂದು ಅಳುತ್ತಿದ್ದಳು. ಈಗ ಕಿಸಕ್ಕನೆ ನಕ್ಕುಬಿಟ್ಟಳು. "ಅಯ್ಯೋ, ಅಲ್ಲೇ ತಗೊಂಡಿದ್ದು ಸರ್! ಅಜ್ಜಿಗೆ ಹೆಂಗೆ ಗೊತ್ತಾಯ್ತು?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಯಶಶ್ರೀ ನಗು ತಡೆಯಲಾರದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಕಪ್ ಅಂಕಲ್ ಓಡಿಬಂದರು. "ಮುಖ ಮುಟ್ಕೋಬೇಡ ಪುಟ್ಟಾ! ಪೌಡರ್ ಎಲ್ಲಾ ಹೋಗುತ್ತೆ!"

ಚಾಮರಾಜಪೇಟೆಯ ಆ ಗಿರವಿ ಅಂಗಡಿ ಯಶಶ್ರೀಯ ತಾತ ರಾಮಾಂಜಿನಪ್ಪನವರದು. ಮುಂದೆ ಅಂಗಡಿ, ಹಿಂದೆ ಮನೆ. ಕಷ್ಟ ಬಂದವರು ಒಡವೆ ತಂದಿಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಕೈಗೆ ದುಡ್ಡು ಬಂದಾಗ ಒಡವೆ ಬಿಡಿಸಿಕೊಳ್ಳುತ್ತಿದ್ದರು. ತಾತ, ಅಜ್ಜಿ, ಅಪ್ಪ ಮೂವರೂ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಇದನ್ನು ಕೇಳಿದ ಟಿವಿಯವರಿಗೆ ಬಾಯಲ್ಲಿ ನೀರೂರಿತ್ತು. 'ಗಿರವಿ ಗಲಾಟೆ' ಎಂಬ ರಿಯಾಲಿಟಿ ಶೋ ಮಾಡುತ್ತೇವೆ ಎಂದು ಬಂದೇ ಬಿಟ್ಟರು. ಅಪ್ಪ ಖುಷಿಯಿಂದ ಒಪ್ಪಿದ್ದರು. ಅಜ್ಜಿ ಹೊಸ ಸೀರೆ ಉಟ್ಟಿದ್ದರು. ತಾತ ಮಾತ್ರ "ಮಾಡ್ಕೊಳ್ಳಿ" ಅಂದಿದ್ದರು, ಅಷ್ಟೇ.

ತಾತನ ತಲೆಗೆ ಈಗ ಕೆಂಪು ಪೇಟ ಕಟ್ಟಿದ್ದರು. ಅದು ನಿಮಿಷಕ್ಕೊಂದು ಸಲ ಜಾರಿ ಕಣ್ಣಿನ ಮೇಲೆ ಬೀಳುತ್ತಿತ್ತು.

"ತಾತ, ನೀವೊಂದು ಕತೆ ಹೇಳಿ," ಎಂದರು ಈಶ್ವರ್. "ಯಾರಾದ್ರೂ ಅಳ್ತಾ ಬಂದಿದ್ದು, ಗಲಾಟೆ ಮಾಡಿದ್ದು... ರೋಲಿಂಗ್!"

ತಾತ ಪೇಟವನ್ನು ಮೇಲಕ್ಕೆ ತಳ್ಳಿ ಕ್ಯಾಮೆರಾ ನೋಡಿದರು. "ನೆನಪಿಲ್ಲ."

"ಐವತ್ತು ವರ್ಷದಲ್ಲಿ ಒಂದೂ ನೆನಪಿಲ್ವಾ?"

"ಇಲ್ಲ."

"ಕಟ್!"

ತಾತನಿಗೆ ನೆನಪಿಲ್ಲವಂತೆ! ಯಶಶ್ರೀ ಒಂದನೇ ಕ್ಲಾಸಿನಲ್ಲಿ ಕಳೆದುಹಾಕಿದ ಛತ್ರಿಯ ಬಣ್ಣ ಕೂಡ ಅವರಿಗೆ ನೆನಪಿತ್ತು. ಆದರೆ ಅದನ್ನೆಲ್ಲ ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಮುಂದಿನ ಸೀನ್ ಅವಳದೇ. ನಟಿಯ ಕೈಯಲ್ಲಿರುವ ಸರ ನೋಡಿ, ಕಣ್ಣರಳಿಸಿ, "ತಾತ, ಈ ಸರ ಯಾರದು?" ಎಂದು ಕೇಳಬೇಕು. ಒಂದೇ ಡೈಲಾಗ್. ಆದರೆ ಕ್ಲೋಸಪ್! ಕನ್ನಡಿಯ ಮುಂದೆ ನಿಂತು ಅದನ್ನು ಅವಳು ನಲವತ್ತು ಥರ ಹೇಳಿ ನೋಡಿದ್ದಳು. ಐದನೇ ಕ್ಲಾಸಿನ ಎಲ್ಲರಿಗೂ, ಶಾಲೆಯ ಆಯಾಗೂ, ಬೀದಿಯ ಸೊಪ್ಪಿನವರಿಗೂ ಹೇಳಿಯಾಗಿತ್ತು. ಪ್ರಾಣಸ್ನೇಹಿತೆ ಸುಪ್ರಜಾಗೆ ಮಾತ್ರ ಹೇಳಲು ಆಗಿರಲಿಲ್ಲ. ಅವಳಪ್ಪ ಆಸ್ಪತ್ರೆಯಲ್ಲಿದ್ದರು. ಅವಳು ವಾರದಿಂದ ಶಾಲೆಗೇ ಬಂದಿರಲಿಲ್ಲ.

"ಬೇಗ ಬೇಗ!" ಈಶ್ವರ್ ಚಪ್ಪಾಳೆ ತಟ್ಟಿದರು. "ಮೇಡಂಗೆ ನಾಲ್ಕು ಗಂಟೆಗೆ ಕುಮಾರ ಪಾರ್ಕಲ್ಲಿ ಸೀರಿಯಲ್ ಶೂಟಿಂಗ್ ಇದೆ. ಇನ್ನೊಂದ್ಸಲ ಅಳಿ ಮೇಡಂ."

ನಟಿಯ ಕಣ್ಣಿಗೆ ಗ್ಲಿಸರಿನ್ ಹಚ್ಚಿದರು. ಅವಳು ಎಷ್ಟು ಚೆನ್ನಾಗಿ ಅತ್ತಳೆಂದರೆ ಅಜ್ಜಿಗೆ ತಡೆಯಲಾಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವಳ ಕೈಗಿಟ್ಟರು. "ಕುಡಿಯಮ್ಮಾ. ಅತ್ತೂ ಅತ್ತೂ ಗಂಟ್ಲು ಒಣಗಿಹೋಗಿರುತ್ತೆ."

"ಕಟ್! ಅಜ್ಜೀ, ಈ ಮಜ್ಜಿಗೆ ಎಲ್ಲಿಂದ ಬಂತು?"

"ಒಳಗಡೆ ಫ್ರಿಜ್ಜಿಂದ," ಎಂದರು ಅಜ್ಜಿ. "ನಿನಗೂ ಬೇಕಾ?"

ಕ್ಯಾಮೆರಾ ಹಿಡಿದವರ ಹೊಟ್ಟೆ ನಗುವಿನಿಂದ ಕುಣಿಯುತ್ತಿತ್ತು. ಲೈಟ್ ಹಿಡಿದವರೂ ನಕ್ಕರು. ಕೊನೆಗೆ ಈಶ್ವರ್ ಕೂಡ ನಗುತ್ತಾ ಮಜ್ಜಿಗೆ ಕುಡಿದರು. ಮೀಸೆಗೆಲ್ಲ ಮೆತ್ತಿಕೊಂಡ ಮಜ್ಜಿಗೆ ಒರೆಸಿಕೊಂಡು, "ರೆಡಿ ಪುಟ್ಟಿ? ಈಗ ನಿನ್ನ ಕ್ಲೋಸಪ್!" ಎಂದರು.

ಯಶಶ್ರೀ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಲೈಟು ಅವಳ ಮುಖಕ್ಕೆ ತಿರುಗಿತು. ಅಪ್ಪ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದರು. ಅವಳು ಉಸಿರೆಳೆದುಕೊಂಡು ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು.

ಒಳಗೆ ಬಂದವರು ಒಬ್ಬ ಹೆಂಗಸು. ಕೈಯಲ್ಲಿ ಕರವಸ್ತ್ರ ಸುತ್ತಿದ ಸಣ್ಣ ಡಬ್ಬಿ. ಹಿಂದೆ ಅವರ ಸೆರಗು ಹಿಡಿದು ನಿಂತ ಹುಡುಗಿ. ಎರಡು ಜಡೆ, ಒಂದಕ್ಕೆ ರಿಬ್ಬನ್ ಇಲ್ಲ.

ಸುಪ್ರಜಾ!

ಸುಪ್ರಜಾಳ ಅಮ್ಮ ಲೈಟುಗಳನ್ನೂ ಕ್ಯಾಮೆರಾವನ್ನೂ ನೋಡಿ ಗಕ್ಕನೆ ನಿಂತುಬಿಟ್ಟರು. ಡಬ್ಬಿಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದರು. ಸುಪ್ರಜಾ ಯಶಶ್ರೀಯನ್ನು ನೋಡಿದಳು. ನೋಡಿದವಳೇ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡತೊಡಗಿದಳು.

ಈಶ್ವರ್ ಅವರ ಕಣ್ಣು ಮಿನುಗಿತು. "ನಿಜವಾದ ಗಿರಾಕಿ!" ಎಂದು ಪಿಸುಗುಟ್ಟಿ, ಕ್ಯಾಮೆರಾದವರಿಗೆ ಸನ್ನೆ ಮಾಡಿದರು. "ಬನ್ನಿ ಮೇಡಂ, ಬನ್ನಿ! ಏನು ಒತ್ತೆ ಇಡಕ್ಕೆ ಬಂದ್ರಿ? ಮನೇಲಿ ಏನು ಕಷ್ಟ? ಹೆದರ್ಕೋಬೇಡಿ, ಹಂಗೇ ಹೇಳಿ."

ಕ್ಯಾಮೆರಾ ನಿಧಾನವಾಗಿ ಅವರ ಕಡೆ ತಿರುಗತೊಡಗಿತು.

ಯಶಶ್ರೀ ಸ್ಟೂಲಿನಿಂದ ಯಾವಾಗ ಜಿಗಿದಳೋ ಅವಳಿಗೇ ಗೊತ್ತಿಲ್ಲ. ನೋಡಿದರೆ ಕ್ಯಾಮೆರಾದ ಮುಂದೆ ನಿಂತಿದ್ದಳು.

"ಚಿಕ್ಕಮ್ಮಾ!" ಎಂದು ಕೂಗಿದಳು. ನಲವತ್ತು ಥರ ಪ್ರಾಕ್ಟೀಸ್ ಮಾಡಿದ ಗಂಟಲು, ದನಿ ಚೆನ್ನಾಗಿಯೇ ಹೊರಟಿತು. "ಎಷ್ಟೊತ್ತಿಗೆ ಬರೋದು ಚಿಕ್ಕಮ್ಮಾ! ಊಟಕ್ಕೆ ಕಾಯ್ತಾ ಇದೀವಿ! ಬಾರೇ ಸುಪ್ಪೀ, ಒಳಗೆ ಬಾ!"

ಸುಪ್ರಜಾಳ ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಯಶಶ್ರೀ ಅವರ ಕೈ ಹಿಡಿದು ಎಳೆದಳು.

"ಯಾರಮ್ಮಾ ಅವರು?" ಎಂದು ಕೇಳಿದರು ಈಶ್ವರ್.

"ನೆಂಟರು!"

ಈಶ್ವರ್ ತಾತನ ಕಡೆ ತಿರುಗಿದರು. ತಾತ ಒಂದು ಕ್ಷಣ ಮೊಮ್ಮಗಳನ್ನು ನೋಡಿದರು. ಆಮೇಲೆ ಪೇಟವನ್ನು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಎದ್ದು ನಿಂತರು.

"ಹೂಂ. ನಮ್ಮೋರೇ," ಎಂದರು. "ಬಾಮ್ಮಾ, ಒಳಗೆ ಕೂತು ಮಾತಾಡಾನ."

"ತಾತ! ಶೂಟಿಂಗು?"

"ನೆಂಟರು ಬಂದಾಗ ಅಂಗಡೀಲಿ ಕೂರಕ್ಕಾಗುತ್ತೇನಪ್ಪಾ?"

ಅಜ್ಜಿಯೂ ಎದ್ದರು. ಹೋಗುವಾಗ ಬಾಗಿಲು ಮುಚ್ಚಿಕೊಂಡರು.

ಒಳಮನೆಯಲ್ಲಿ ಸುಪ್ರಜಾಳ ಅಮ್ಮ ತಾತನ ಎದುರು ಕೂತು ಡಬ್ಬಿ ತೆರೆದರು. ತಾತ ತಗ್ಗಿದ ದನಿಯಲ್ಲಿ ಏನೋ ಕೇಳಿದರು, ಅವರು ಏನೋ ಹೇಳಿದರು. ಯಶಶ್ರೀಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಹತ್ತಿರವೂ ಹೋಗಲಿಲ್ಲ. ಸುಪ್ರಜಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೋಡುಬಳೆ ಡಬ್ಬ ಇಳಿಸಿದಳು.

"ನಿನ್ನ ಮುಖ ಏನೇ ಹಿಂಗಿದೆ?" ಎಂದಳು ಸುಪ್ರಜಾ. ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು.

"ಹೆಂಗಿದೆ?"

"ಮೈದಾ ಹಿಟ್ಟಲ್ಲಿ ಬಿದ್ದಂಗೆ."

ಇಬ್ಬರೂ ಎಷ್ಟು ನಕ್ಕರೆಂದರೆ ಯಶಶ್ರೀಗೆ ಕೋಡುಬಳೆ ನೆತ್ತಿಗೆ ಹತ್ತಿತು. ಅಜ್ಜಿ ಬಂದು ತಲೆ ತಟ್ಟಬೇಕಾಯಿತು.

ತಾತ ಹೊರಗೆ ಬರುವ ಹೊತ್ತಿಗೆ ನಟಿ ಕುಮಾರ ಪಾರ್ಕಿಗೆ ಹೊರಟುಹೋಗಿದ್ದಳು, ಸರವನ್ನೂ ತೆಗೆದುಕೊಂಡು. ಸರವಿಲ್ಲದೆ "ಈ ಸರ ಯಾರದು?" ಎಂದು ಕೇಳುವುದು ಹೇಗೆ?

"ಸಾರಿ ಪುಟ್ಟಿ," ಎಂದರು ಈಶ್ವರ್. "ನಾಳೆ ಬೇರೆ ಲೊಕೇಶನ್. ನಿನ್ನ ಸೀನ್ ಬಿಟ್ಟುಹೋಯ್ತು."

ಯಶಶ್ರೀ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಪೌಡರಿನ ಜೊತೆಗೆ ಒಂದೆರಡು ಹನಿ ಕಣ್ಣೀರೂ ಹೋಯಿತು. ಈ ಸಲ ಗ್ಲಿಸರಿನ್ ಇರಲಿಲ್ಲ. ಹೊರಬಂದಾಗ ತಾತ ಟವೆಲ್ ಹಿಡಿದು ನಿಂತಿದ್ದರು. ಅವರೇ ಅವಳ ಮುಖ ಒರೆಸಿದರು.

ಎರಡು ವಾರದ ನಂತರ 'ಗಿರವಿ ಗಲಾಟೆ' ಟಿವಿಯಲ್ಲಿ ಬಂತು. ಹಾಲ್ ತುಂಬ ಅಕ್ಕಪಕ್ಕದವರು. ಅಜ್ಜಿ ಒರೆಗಲ್ಲು ಹಿಡಿದು "ಇದು ಗಿಲೀಟು" ಎಂದಾಗ ಎಲ್ಲರೂ ಕೇಕೆ ಹಾಕಿದರು. ಮಜ್ಜಿಗೆ ಬಂದಾಗ ವಿಸಿಲ್ ಬಿತ್ತು. ಯಶಶ್ರೀ ಕಾಣಿಸಿದ್ದು ಒಂದೇ ಸಲ. ಅದೂ ಅವಳ ಮೊಣಕೈ ಮಾತ್ರ.

"ಅದು ನಾನೇ! ಅದು ನನ್ನ ಮೊಣಕೈ!" ಎಂದು ಅವಳು ಸೋಫಾದ ಮೇಲೆ ಹತ್ತಿ ಕುಣಿದಳು.

ಪ್ರೋಗ್ರಾಂ ಮುಗಿಯುವ ಮೊದಲೇ ಅಪ್ಪನ ಫೋನ್ ರಿಂಗಾಯಿತು. ಸುಪ್ರಜಾ.

"ಲೇ, ನಿನ್ನ ಮೊಣಕೈ ನೋಡ್ದೆ ಕಣೇ! ಸೂಪರ್ ಆ್ಯಕ್ಟಿಂಗು!"

"ಥ್ಯಾಂಕ್ಯೂ ಥ್ಯಾಂಕ್ಯೂ. ನಿಮ್ಮಪ್ಪ ಹೆಂಗಿದಾರೆ?"

"ಮನೆಗೆ ಬಂದ್ರು. ನಿಮ್ಮಜ್ಜೀನ ನೋಡಿ ನಗ್ತಾನೇ ಇದಾರೆ. ಅಮ್ಮ ಬೈತಿದಾಳೆ, ಹೊಲಿಗೆ ಹಾಕಿರೋ ಹೊಟ್ಟೆ, ಜಾಸ್ತಿ ನಗಬೇಡಿ ಅಂತ."

ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಲೆಕ್ಕದ ಹೋಂವರ್ಕ್, ಹೊಸ ಪಿಟಿ ಮಿಸ್, ಸ್ಪೋರ್ಟ್ಸ್ ಡೇ ಡ್ಯಾನ್ಸು, ಎಲ್ಲ ಬಂದು ಹೋಯಿತು. ಆ ಡಬ್ಬಿಯ ವಿಷಯ ಸುಪ್ರಜಾ ಎತ್ತಲಿಲ್ಲ. ಯಶಶ್ರೀ ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.